ಫೈಲಿನಿಂದ ಮಾಯವಾದ ಬಸುರಿ

ಆರೋಗ್ಯ ಕೇಂದ್ರಗಳಿಂದ ಬರುವ ಫೈಲುಗಳನ್ನು ಓದಿ, ಇವತ್ತು ನರ್ಸು ಯಾರ ಮನೆಗೆ ಹೋಗಬೇಕೆಂದು ಹೇಳುವ ಪ್ರೋಗ್ರಾಮು ನಮ್ಮದು. ಅದು ಎಷ್ಟು ಸರಿಯಾಗಿ, ಎಷ್ಟು ಬೇಗ ಓದುತ್ತದೆಂದು ಬಳ್ಳಾರಿಯ ಆಫೀಸಿನಲ್ಲಿ ಕೂತು ಪರೀಕ್ಷಿಸುವುದು ನನ್ನ ಕೆಲಸ. ಈಚೆಗೆ ಅದನ್ನು ಹೊಸದಾಗಿ ಬರೆದಿದ್ದರು. ಹಳೆಯ ಪ್ರೋಗ್ರಾಮು ಅನುಮಾನ ಬಂದಲ್ಲೆಲ್ಲ ನಿಂತು ಕೂಗಾಡುತ್ತಿತ್ತು. ಹೊಸದು ಸಿರುಗುಪ್ಪದ ಇಡೀ ತಾಲ್ಲೂಕನ್ನು ನಾನು ಚಹಾದ ಲೋಟ ಎತ್ತುವಷ್ಟರಲ್ಲಿ ಓದಿ ಮುಗಿಸಿತು, ಒಂದಕ್ಷರ ತಪ್ಪಿಲ್ಲದೆ.

"ಇನ್ನೂ ಎಷ್ಟ್ ಪರೀಕ್ಷಿ ಮಾಡ್ತೀಯವ್ವಾ? ಕುರುಗೋಡಿಗೂ ಹೊಸದನ್ನ ಹಾಕಿಬಿಟ್ಟೀನಿ" ಎಂದರು ನಮ್ಮ ಸಾಹೇಬರು. ನನಗೆ ಮೈಯೆಲ್ಲ ಉರಿಯಿತು. ಅಲ್ಲಿಯ ಫೈಲನ್ನು ನಾನಿನ್ನೂ ಮುಟ್ಟಿಯೇ ಇರಲಿಲ್ಲ.

ವಾರದ ಮೇಲೆ ಆ ಫೈಲು ಕೈಗೆ ಸಿಕ್ಕಿದ್ದೇ ಹಳೆಯದು, ಹೊಸದು ಎರಡಕ್ಕೂ ಕೊಟ್ಟೆ. ಹಳೆಯದು ಒಂದು ಮನೆಯ ಹತ್ತಿರ ನಿಂತು, ಇಲ್ಲಿ ಒಂದೇ ಹೆಸರು ಎರಡು ಸಲ ಇದೆಯೆಂದು ತಕರಾರು ತೆಗೆಯಿತು. ಹೊಸದು ತುಟಿಪಿಟಕ್ಕೆನ್ನಲಿಲ್ಲ. ಮೊದಲು ಕಂಡವಳನ್ನು ಒರೆಸಿ, ಆಮೇಲೆ ಕಂಡವಳನ್ನಷ್ಟೇ ಉಳಿಸಿಕೊಂಡು ಮುಂದೆ ಓಡಿತ್ತು.

ನಮ್ಮ ಕಡೆ ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಡುತ್ತಾರಲ್ಲ. ಅತ್ತೆಯ ಹೆಸರೆಂದು ಸೊಸೆ ಹೆತ್ತ ಮಗಳನ್ನೂ ಹೆಸರು ಹಿಡಿದು ಕೂಗದೆ 'ಅವ್ವಿ' ಅನ್ನುತ್ತಾಳೆ. ಫೈಲಿನ ನಮೂನೆ ಮಾಡಿದವರಿಗೆ ಇದೇನು ಗೊತ್ತು? ಒಂದು ಮನೆಯಲ್ಲಿ ಒಂದು ಹೆಸರಿಗೆ ಒಬ್ಬರೇ ಎಂದುಕೊಂಡಿದ್ದರು. ಮೊದಲು ಇದ್ದವಳು ಹೆರಿಗೆಗೆಂದು ತವರಿಗೆ ಬಂದ ಮೊಮ್ಮಗಳು, ತುಂಬಿದ ಬಸುರಿ, ಮೈಯಲ್ಲಿ ರಕ್ತ ಕಡಿಮೆ. ಆಮೇಲಿನವಳು ಅಜ್ಜಿ. ಅವಳ ಮುಂದೆ 'ಮರಣ' ಎಂದಿತ್ತು. ನಮ್ಮ ಪ್ರೋಗ್ರಾಮು ಸತ್ತವಳನ್ನು ಇಟ್ಟುಕೊಂಡು ಬದುಕಿದ್ದವಳನ್ನು ಅಳಿಸಿತ್ತು.

ಕೂಡಲೇ ಕುರುಗೋಡಿನ ನರ್ಸಿಗೆ ಫೋನು ಹಚ್ಚಿ ಆ ಬಸುರಿಯ ವಿಚಾರ ಕೇಳಿದೆ.

"ಅಯ್ಯ ಶಿವನೇ! ವಾರಾತು, ಅಕಿ ಹೆಸ್ರ ಬಂದಿಲ್ರಿ. ಗಂಡನ ಮನಿಗೆ ಹೋಗ್ಯಾಳ ಅಂದ್ಕೊಂಡಿದ್ದೆ" ಎಂದವಳೇ ಫೋನು ಇಟ್ಟು ಓಡಿದಳು.

ಸಂಜೆಯೊಳಗೆ ಬಸುರಿಯನ್ನು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿ ರಕ್ತ ಕೊಟ್ಟರು. ತಾಯಿ, ಮಗು ಇಬ್ಬರೂ ಉಳಿದರು. "ಎಲ್ಲಾ ಚಲೋ ಆತಲ್ಲವ್ವಾ, ಇನ್ನೇನು?" ಅನ್ನುತ್ತಾರೆ ಸಾಹೇಬರು. ಹೌದು, ಆಯಿತು. ಆದರೂ ಯಾವ ಪ್ರೋಗ್ರಾಮಾದರೂ ತಕರಾರಿಲ್ಲದೆ ಓದಿ ಮುಗಿಸಿದರೆ ನನಗೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಆ ಹುಡುಗಿ ವಾರವೆಲ್ಲ ಮನೆ ಮುಂದಿನ ಕಟ್ಟೆಯ ಮೇಲೆ ಕಾದು ಕೂತಿದ್ದಳಂತೆ. ನರ್ಸು ಓಣಿಯೊಳಗೆ ಬರುವುದನ್ನೂ ಪಕ್ಕದ ಮನೆಯಿಂದಲೇ ತಿರುಗಿ ಹೋಗುವುದನ್ನೂ ನೋಡುತ್ತಿದ್ದಳಂತೆ, ಕೂಗಲು ಸಂಕೋಚಪಟ್ಟು. ಕಡೆಗೆ ನರ್ಸು ಓಡಿಬಂದಾಗ ಅವಳ ಕೈ ಹಿಡಿದುಕೊಂಡು ಕೇಳಿದ್ದಿಷ್ಟೇ:

"ಅಕ್ಕಾರ, ನಾ ನಿಮಗ ಕಾಣಂಗಿಲ್ಲೇನ್ರಿ?"