‘ಬಂದ್ ಮಾಡೂದಿಲ್ಲ’ ಎಂದ ಹೆಡರ್ ಫೈಲಿನ ಜೇಬುನ್ನೀಸಾ

ಬೆಳಗಿನ ಆರು ಗಂಟೆ. ಮುಂಬಯಿಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವಾಚ್‌ಮನ್ ಇನ್ನೂ ಹಲ್ಲುಜ್ಜುತ್ತಿದ್ದಾನೆ. ಮೂರನೆಯ ಮಹಡಿಯ ಆಫೀಸಿನಲ್ಲಿ ಮಾತ್ರ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ಅದರ ಕೆಳಗೆ ಜೇಬುನ್ನೀಸಾ ಅತ್ತಾರ ಚಪ್ಪಲಿ ಕಳಚಿಟ್ಟು, ಕುರ್ಚಿಯ ಮೇಲೆ ಒಂದು ಕಾಲು ಮಡಚಿ ಕೂತು, ಸ್ಕ್ರೀನಿನ ಸಾಲುಗಳನ್ನು ಓದುತ್ತಿದ್ದಾರೆ. ಪಕ್ಕದ ಚಹಾ ಕೆನೆಗಟ್ಟಿದೆ. ಓದುತ್ತ ಓದುತ್ತ ಒಂದು ಕಡೆ ಗಕ್ಕನೆ ನಿಲ್ಲುತ್ತಾರೆ. “ಇಲ್ನೋಡ್ರಿ, ಮತ್ತ ಅದೇ. ಕಾಪಿ ಹೊಡದಾರ, ಹೆಸರು ಬದಲ್ ಮಾಡಿಲ್ಲ” ಎಂದು ಕೆಂಪು ಗುರುತು ಹಾಕಿ ಮುಂದಿನ ಫೈಲಿಗೆ ಹೋಗುತ್ತಾರೆ.

ಪುರವಣಿಯವರು ನನ್ನನ್ನು ಕೇಳಿದ್ದು ಎಲೆಮರೆಯ ಕಾಯಿಯಂಥವರೊಬ್ಬರ ಪರಿಚಯವನ್ನು. ಜೇಬುನ್ನೀಸಾ ಮರೆಯಲ್ಲಿರುವುದು ನಿಜ, ಆದರೆ ಆಫೀಸಿನವರನ್ನು ಕೇಳಿದರೆ ಈಕೆ ಅನ್ನದಲ್ಲಿ ಸಿಕ್ಕ ಕಲ್ಲು. ಲಿಫ್ಟುಗಳನ್ನು ನಡೆಸುವ ಪ್ರೋಗ್ರಾಂ ಬರೆಯುವ ಸಣ್ಣ ಕಂಪನಿ ಇದು. ಅಲ್ಲಿ ಹೆಡರ್ ಫೈಲುಗಳನ್ನು ಹೇಗೆ ಬರೆಯಬೇಕು ಎಂಬ ನಿಯಮಗಳನ್ನು ಮಾಡಿದವರು ಇವರು. ಆ ನಿಯಮ ಮುರಿದ ಫೈಲನ್ನು ಒಳಗೆ ಬಿಡದವರೂ ಇವರೇ. ಎದುರಿಗೆ ಎಲ್ಲರೂ ಅಕ್ಕ ಎಂಬಂತೆ ‘ಹೆಡರ್ ಆಪಾ’ ಎನ್ನುತ್ತಾರೆ. ಬೆನ್ನ ಹಿಂದೆ ಏನೆನ್ನುತ್ತಾರೆ ಎಂಬುದನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುವಂತಿಲ್ಲ.

ಇವತ್ತಂತೂ ಬೈಗುಳ ತುಸು ಹೆಚ್ಚೇ ಇದೆ. ಹೊಸ ಮಾದರಿಯ ಲಿಫ್ಟಿನ ಪ್ರೋಗ್ರಾಂ ಸಂಜೆಯೊಳಗೆ ಗಿರಾಕಿಗೆ ಹೋಗಬೇಕು. ಜೇಬುನ್ನೀಸಾ ಕಂಪ್ಯೂಟರಿನಲ್ಲಿ ಕೂರಿಸಿರುವ ತಪಾಸಣೆ ಅದನ್ನು ತಡೆದು ನಿಲ್ಲಿಸಿದೆ. ಮಾಲೀಕ ಮುರಿಗೆಪ್ಪ ನಿನ್ನೆಯೇ ಖಡಾಖಂಡಿತವಾಗಿ ಹೇಳಿದ್ದಾರೆ: ಹನ್ನೊಂದು ಗಂಟೆಯೊಳಗೆ ತಪಾಸಣೆ ಬಂದ್ ಆಗಬೇಕು, ಇಲ್ಲವಾದರೆ ಆ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ. ಮನೆಯಲ್ಲಿ ದುಡಿಯುವವರು ಜೇಬುನ್ನೀಸಾ ಒಬ್ಬರೇ. ಮಗಳು ಆರ್ಜೂ ಇನ್ನೂ ಕಾಲೇಜಿನಲ್ಲಿದ್ದಾಳೆ. ಏನು ಮಾಡುತ್ತೀರಿ ಎಂದು ಕೇಳುತ್ತೇನೆ. “ಏನ್ ಮಾಡೂದ್ರಿ? ಬಂದ್ ಮಾಡೂದಿಲ್ಲ” ಎಂದು ಚಹಾದ ಕೆನೆ ತೆಗೆದು ಒಂದೇ ಗುಟುಕಿಗೆ ಕುಡಿಯುತ್ತಾರೆ.

ಹೆಡರ್ ಫೈಲು ಎಂದರೇನು ಎಂದು ನನ್ನಂಥ ದಡ್ಡನಿಗೆ ತಿಳಿಸಲು ಅವರು ತಂದೆಯ ಕಸುಬಿಗೇ ಹೋಗುತ್ತಾರೆ. ತಂದೆ ಮುರ್ತುಜಾ ವಿಜಯಪುರದಿಂದ ಬಂದು ದಹಿಸರ್‌ನ ಅಂಗಿ ಹೊಲಿಯುವ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುತ್ತಿದ್ದವರು. “ನಮ್ಮ ಅಬ್ಬಾ ಮೊದಲ ರಟ್ಟಿನ ಮ್ಯಾಲ ಅಳತಿ ಕತ್ತರಿಸಿ ಇಡ್ತಿದ್ರು. ತೋಳಿನವ ಅದನ್ನೇ ನೋಡ್ತಾನ, ಕಾಲರಿನವ ಅದನ್ನೇ ನೋಡ್ತಾನ. ಆ ರಟ್ಟು ಒಂದ್ ಬಟ್ಟು ತಪ್ಪಿತಂದ್ರ ಇಡೀ ಬಟ್ಟಿ ಗಂಟೇ ಹಾಳು. ಹೆಡರ್ ಅಂದ್ರ ಆ ರಟ್ಟು ನೋಡ್ರಿ. ಉಳದೋರೆಲ್ಲಾ ಅದನ್ನ ನೋಡೇ ಬರೀತಾರ.” ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು ಎನ್ನುತ್ತಾರಲ್ಲ, ಕೆಟ್ಟ ಹೆಡರು ಹಾಗೆಯೇ.

ದಹಿಸರ್‌ನ ತಂದೆ ನೆಲೆಸಿದ್ದ ವಠಾರದಂಥ ಚಾಳಿನಲ್ಲಿ ಜೇಬುನ್ನೀಸಾ ಈಗಲೂ ಇದ್ದಾರೆ. ನಲ್ಲಿಯಲ್ಲಿ ನೀರು ಬರುವುದು ನಸುಕಿನ ನಾಲ್ಕೂವರೆಗೆ. “ನೀರು ಹಿಡಿಲಿಕ್ಕೆ ಹೆಂಗೂ ಏಳಬೇಕು. ಎದ್ದಮ್ಯಾಲ ಮತ್ತೇನ್ ಮಲಗೂದು? ಲೋಕಲ್ ಹಿಡದು ಬಂದಬಿಡ್ತೀನಿ. ಆ ಹೊತ್ತಿನಾಗ ಜಗಳಾಡೋರು ಯಾರೂ ಇರೂದಿಲ್ಲ” ಎಂದು ನಗುತ್ತಾರೆ. ಹಿಂದಿನ ದಿನ ಉಳಿದವರು ಬರೆದ ನಲವತ್ತೈವತ್ತು ಫೈಲುಗಳನ್ನು ಅವರೆಲ್ಲ ಬರುವ ಮೊದಲೇ ಓದಿ ಮುಗಿಸುವುದು ರೂಢಿ. ಜೇಬುನ್ನೀಸಾ ಡಿಪ್ಲೊಮಾ ಓದಿದವರು. ಲಿಫ್ಟಿಗೆ ಹೊಸ ಸೌಕರ್ಯ ಬರೆದವರ ಹೆಸರು ಕಂಪನಿಯ ಕೇಕಿನ ಮೇಲೆ ಬರುತ್ತದೆ. ತಪ್ಪು ತಡೆದವರ ಹೆಸರು ಬರೆಯಲು ಯಾವ ಬೇಕರಿಯಲ್ಲೂ ಕ್ರೀಮು ಮಿಕ್ಕುವುದಿಲ್ಲ ಎಂದು ಕಾಣುತ್ತದೆ. ನನಗೆ ಇದು ಸಿಟ್ಟು ತರಿಸುತ್ತದೆ. ಆಕೆಗೆ ಕೇಕಿನ ಮೇಲೆ ಆಸೆಯಿಲ್ಲ.

ಇವರ ನಿಯಮಗಳೇನೂ ಬ್ರಹ್ಮವಿದ್ಯೆಯಲ್ಲ. ಪ್ರತಿ ಹೆಡರು ತನಗೆ ಬೇಕಾದದ್ದನ್ನು ತಾನೇ ತಂದುಕೊಳ್ಳಬೇಕು, ಪಕ್ಕದವನ ಡಬ್ಬಿಗೆ ಕೈಹಾಕಬಾರದು. ಇತರರು ಇಟ್ಟ ಹೆಸರುಗಳ ಮೂಟೆಯನ್ನು, ಯಾವುದು ಯಾರದೆಂದು ತಿಳಿಯದಂತೆ, ಅದರೊಳಗೆ ಬಿಚ್ಚಿ ಸುರಿಯಬಾರದು. ಆದರೆ ಜಗಳವೆಲ್ಲ ಇರುವುದು ಇನ್ನೊಂದು ನಿಯಮದ ಮೇಲೆ. ಒಂದೇ ಹೆಡರು ಎರಡೆರಡು ಸಲ ಒಳಗೆ ಬರಬಾರದೆಂದು ಅದರ ಹಣೆಯ ಮೇಲೆ ಒಂದು ಕಾವಲು ಹೆಸರು ಬರೆದಿರುತ್ತಾರೆ. ಆ ಹೆಸರು ಆಗಲೇ ಒಳಗೆ ಬಂದಿದ್ದರೆ ಕಂಪ್ಯೂಟರು ಎರಡನೆಯದನ್ನು ಹೊರಗೇ ನಿಲ್ಲಿಸುತ್ತದೆ. ಈಗ ಅವಸರದಲ್ಲಿರುವವರೊಬ್ಬರು ಹಳೆಯ ಲಿಫ್ಟಿನ ಫೈಲನ್ನು ಕಾಪಿ ಮಾಡಿ, ಒಳಗಿನ ಅಂಕಿಗಳನ್ನೆಲ್ಲ ಹೊಸ ಲಿಫ್ಟಿಗೆ ತಕ್ಕಂತೆ ತಿದ್ದಿ, ಹಣೆಯ ಹೆಸರು ಬದಲಿಸುವುದನ್ನು ಮಾತ್ರ ಮರೆತರೆನ್ನಿ. ಎರಡೂ ಒಂದೇ ಕಡೆ ಬಂದಾಗ ಹಳೆಯದು ಒಳಗೆ ಹೋಗುತ್ತದೆ, ಹೊಸದು ಬಾಗಿಲಲ್ಲೇ ಉಳಿಯುತ್ತದೆ. ಕಂಪ್ಯೂಟರು ಚಕಾರ ಎತ್ತುವುದಿಲ್ಲ. ಹೊಸ ಲಿಫ್ಟು ಹಳೆಯ ಅಂಕಿಗಳ ಮೇಲೆ ಓಡಾಡಿಕೊಂಡಿರುತ್ತದೆ.

ಹೀಗೆ ಓಡಾಡಿದ ಲಿಫ್ಟೊಂದು ಕೆಲವು ವರ್ಷಗಳ ಹಿಂದೆ ಘಾಟ್ಕೋಪರ್‌ನ ಒಂದು ಬಿಲ್ಡಿಂಗಿನಲ್ಲಿತ್ತು. ಬಾಗಿಲು ತೆರೆದುಕೊಂಡು ಕಾಯಬೇಕಾದಷ್ಟು ಕಾಯುತ್ತಿರಲಿಲ್ಲ. ಧಾರವಾಡ ಕಡೆಯ ದಾನವ್ವ ಎಂಬ ಅಜ್ಜಿ ಊರುಗೋಲು ಮುಂದಿಟ್ಟು ಒಳಗೆ ಕಾಲಿಡುವಾಗ ಬಾಗಿಲು ಮುಚ್ಚಿಕೊಂಡಿತು. ಅಡ್ಡ ಬಂದವರನ್ನು ನೋಡುವ ಸೆನ್ಸರಿಗೆ ಅಷ್ಟು ತೆಳ್ಳನೆಯ ಕೋಲು ಕಾಣಲಿಲ್ಲ. ಅಜ್ಜಿ ಬಿದ್ದು ಮಣಿಕಟ್ಟು ಮುರಿಯಿತು. ಸೆನ್ಸರಿನ ಧೂಳು ಒರೆಸದಿದ್ದದ್ದೇ ಕಾರಣ ಎಂದು ಕಂಪನಿ ಕೈ ತೊಳೆದುಕೊಂಡಿತು. ಜೇಬುನ್ನೀಸಾ ಮಾತ್ರ ಅಜ್ಜಿಯನ್ನು ನೋಡಲು ಹೋದರು.

“ಆ ಅಮ್ಮಾ ಬೈದಿದ್ರ ಚಲೋ ಇತ್ತು. ಬೈಲಿಲ್ರಿ. ‘ಬಾಗಲಾ ಭಾಳ ಅವಸರದಾಗಿತ್ತವಾ, ನಾ ಮುದುಕಿ ಅಂತ ಅದಕ್ಕ ತಿಳೀಲಿಲ್ಲ’ ಅಂದ್ರು. ತಾವೇ ಲಗೂನ ಕಾಲ ಎತ್ತಬೇಕಿತ್ತು ಅಂತ ಅಂದ್ರು. ತಪ್ಪು ನಮ್ದು, ಮಾಫಿ ಕೇಳೋರು ಅವರು!” ಇದನ್ನು ಹೇಳುವಾಗ ಜೇಬುನ್ನೀಸಾ ನನ್ನನ್ನು ನೋಡುವುದಿಲ್ಲ, ಕಿಟಕಿಯ ಕಡೆ ನೋಡುತ್ತಾರೆ.

ವಾಪಸ್ಸು ಬಂದು ಹುಡುಕಿದರು. ಎಲ್ಲರ ಪ್ರೋಗ್ರಾಮೂ ಸರಿಯಾಗಿತ್ತು. ಎರಡು ಹೆಡರುಗಳ ಹಣೆಯ ಮೇಲೆ ಒಂದೇ ಹೆಸರಿತ್ತು, ಅಷ್ಟೆ. ಅಂದಿನಿಂದ ಇವರ ನಿಯಮ ಬಂತು: ಕಾವಲು ಹೆಸರಿನಲ್ಲಿ ಆ ಫೈಲು ಇರುವ ಜಾಗದ ಪೂರ್ತಿ ವಿಳಾಸ ಇರಬೇಕು. ಒಂದೇ ವಿಳಾಸದಲ್ಲಿ ಎರಡು ಫೈಲುಗಳು ಇರಲಾರವು, ಹಾಗಾಗಿ ಹೆಸರೂ ಮತ್ತೆ ಬರಲಾರದು. ಮನುಷ್ಯರ ನೆನಪನ್ನು ನಂಬದೆ, ಇದನ್ನು ನೋಡಿಕೊಳ್ಳುವ ತಪಾಸಣೆಯನ್ನೂ ತಾವೇ ಬರೆದು ಕೂರಿಸಿದರು.

ಹತ್ತು ಗಂಟೆಗೆ ತಂಡದ ಮುಖ್ಯಸ್ಥ ಚೇತನ ಬರುತ್ತಾರೆ. ಮುಂಬಯಿಯಲ್ಲೇ ಹುಟ್ಟಿದವರು, ಕನ್ನಡ ಅರ್ಧ, ಹಿಂದಿ ಅರ್ಧ. ಕೆಂಪು ಗುರುತುಗಳನ್ನು ನೋಡಿ ತಲೆ ಹಿಡಿದುಕೊಳ್ಳುತ್ತಾರೆ. “ಆಪಾ, ಬಿಲ್ಡ್ ತೋ ಪಾಸ್ ಆಗ್ತಿದೆ ನಾ, ಕಂಪ್ಯೂಟರ್ ಎರರ್ ಕೊಡ್ತಿಲ್ಲ? ಫಿರ್ ಪ್ರಾಬ್ಲಂ ಏನು? ಹೆಸರು ಹೀಗೆ ಬರೀ, ಹಾಗೆ ಬರೀ... ಯೇ ಸಬ್ ಸ್ಟೈಲ್ ಹೈ, ಯಾರ್.”

“ಪಾಸ್ ಆಗ್ತದ ಅಂತನೇ ನನಗ ಹೆದರಿಕಿ, ಚೇತನ್. ಫೇಲ್ ಆಗಿದ್ರ ಕಂಪ್ಯೂಟರೇ ತಡೀತಿತ್ತು, ನಾ ಇಷ್ಟೊತ್ತಿಗೆ ಮನ್ಯಾಗ ಇರ್ತಿದ್ದೆ.”

ಹನ್ನೊಂದಕ್ಕೆ ಮುರಿಗೆಪ್ಪ ಬರುತ್ತಾರೆ. ಬೆಳಗಾವಿಯವರು, ಒಂದು ಕಾಲಕ್ಕೆ ತಾವೇ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು, ಕೆಟ್ಟವರಲ್ಲ. ಆದರೆ ಇವತ್ತು ಮುಖ ಗಂಟಾಗಿದೆ. ನಾನಿರುವುದನ್ನೂ ಲೆಕ್ಕಿಸದೆ ನೇರ ಜೇಬುನ್ನೀಸಾರ ಮೇಜಿಗೆ ಬರುತ್ತಾರೆ.

“ಏನವಾ, ಬಂದ್ ಮಾಡ್ದ್ಯೋ ಇಲ್ಲೋ?”

“ಇಲ್ರಿ, ಸಾಹೇಬ್ರ.”

“ಒಂದ ದಿವಸದ ಮಾತೈತಿ. ಮಾಲ ಹೋಗ್ಲಿ, ನಾಳಿಂದ ಮತ್ತ ಸುರು ಮಾಡು. ಯಾರ ಬ್ಯಾಡಂತಾರ?”

“ಒಂದ ದಿವಸದಾಗ ಹೋದ ಲಿಫ್ಟು ಇಪ್ಪತ್ತು ವರ್ಷ ಓಡ್ತದ, ಸಾಹೇಬ್ರ. ಬಂದ್ ಮಾಡ್ಲೇಬೇಕಂದ್ರ ಮೊದಲ ನನ್ನ ತಗೀರಿ, ಆಮ್ಯಾಲ ಅದನ್ನ ತಗೀರಿ. ನನ್ನ ಕೈಲೆ ಅಂತೂ ಆಗೂದಿಲ್ಲ.”

ಮುರಿಗೆಪ್ಪ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಜೇಬುನ್ನೀಸಾ ಎದ್ದು, ಮೂಲೆಯಲ್ಲಿ ಪರೀಕ್ಷೆಗೆಂದು ನಿಲ್ಲಿಸಿರುವ ಲಿಫ್ಟಿನ ಬಾಗಿಲ ಕಡೆ ಕೈ ತೋರಿಸುತ್ತಾರೆ. “ಇವತ್ತ ಹೋಗೂ ಪ್ರೋಗ್ರಾಂ ಅದರಾಗ ಹಾಕೀನಿ. ನನ್ನ ಮಾತ ಬ್ಯಾಡ. ಬಾಗಲಾ ಎಷ್ಟೊತ್ತು ಕಾಯ್ತದ, ನೀವೇ ನೋಡ್ರಿ.”

ಮುರಿಗೆಪ್ಪ ಬಾಗಿಲ ಮುಂದೆ ನಿಲ್ಲುತ್ತಾರೆ. ಅದು ತೆರೆಯುತ್ತದೆ, ಪಟ್ಟನೆ ಮುಚ್ಚುತ್ತದೆ. “ಹೊತ್ತು ಹೆಚ್ಚ ಮಾಡು” ಎಂದು ಚೇತನರಿಗೆ ಹೇಳುತ್ತಾರೆ. ಚೇತನ ಹೊಸ ಹೆಡರಿನಲ್ಲಿ ಅಂಕಿ ಹೆಚ್ಚಿಸಿ ಮತ್ತೆ ಓಡಿಸುತ್ತಾರೆ. ಬಾಗಿಲು ಅಷ್ಟೇ ಅವಸರದಲ್ಲಿ ಮುಚ್ಚುತ್ತದೆ. “ಇನ್ನೂ ಹೆಚ್ಚ ಮಾಡಪಾ!” ಮತ್ತೆ ಹೆಚ್ಚಿಸುತ್ತಾರೆ. ಬಾಗಿಲಿಗೆ ಯಾರ ಮಾತೂ ಕೇಳಿಸುತ್ತಿಲ್ಲ. ಚೇತನ ಬರೆಯುತ್ತಿರುವ ಹೆಡರು ಒಳಗೆ ಹೋಗುತ್ತಲೇ ಇಲ್ಲ. ಅದೇ ಹೆಸರು ಹೊತ್ತ ಹಳೆಯದು ಮೊದಲೇ ಹೋಗಿ ಕೂತುಬಿಟ್ಟಿದೆ. ಹಳೆಯ ಮೆಕ್ಯಾನಿಕ್ ಮುಚ್ಚಿದ ಬಾಗಿಲ ಮೇಲೆ ಕೈಯಿಡುತ್ತಾರೆ.

“ಎಲ್ಲಾ ಸರಿ ಮಾಡಾಕ ಎಷ್ಟ ದಿವಸ ಬೇಕು?” ಎಂದು ತಿರುಗದೆಯೇ ಕೇಳುತ್ತಾರೆ.

“ಎಲ್ಲರೂ ಕೂತರೆ... ಸೋಮವಾರ ತಕ್” ಎನ್ನುತ್ತಾರೆ ಚೇತನ, ಮೆತ್ತಗೆ.

ಮುರಿಗೆಪ್ಪ ಜೇಬುನ್ನೀಸಾರಿಗೆ ಶಭಾಷ್ ಎನ್ನುವುದಿಲ್ಲ. ಕೆಕ್ಕರಿಸಿ ನೋಡಿ, ಅಲ್ಲೇ ನಿಂತು ಗಿರಾಕಿಗೆ ಫೋನು ಹಚ್ಚುತ್ತಾರೆ. ಆ ಕಡೆಯವನ ಕೂಗು ನಮಗೂ ಕೇಳಿಸುತ್ತಿದೆ. ಸಂಜೆ ಆಗುವುದಿಲ್ಲ, ಸೋಮವಾರ ಕೊಡುತ್ತೇವೆ ಎಂದು ಇವರು ಹೇಳುತ್ತಾರೆ. ಯಾಕೆ ಎಂದು ಅವನು ಮತ್ತೆ ಮತ್ತೆ ಕೇಳಿದಾಗ ಇವರಿಗೂ ರೇಗುತ್ತದೆ. “ಕ್ಯಾ ಕರೂಂ ಸೇಠ್, ಹಮಾರೇ ಇಧರ್ ಏಕ್ ಔರತ್ ಹೈ, ವೋ ಛೋಡ್ತೀಚ್ ನಹೀ!” ಎಂದು ಗುಡುಗಿ, ಫೋನನ್ನು ಜೇಬಿಗೆ ತುರುಕಿಕೊಂಡು ಕ್ಯಾಬಿನ್ನಿಗೆ ನಡೆಯುತ್ತಾರೆ.

ಒಬ್ಬಳು ಹೆಂಗಸಿದ್ದಾಳೆ, ಬಿಡುವುದೇ ಇಲ್ಲವಂತೆ! ತಡವಾದದ್ದಕ್ಕೆಲ್ಲ ಆಕೆಯೇ ಕಾರಣವಂತೆ! ನನಗೆ ಮೈಯೆಲ್ಲ ಉರಿಯುತ್ತದೆ. ಜೇಬುನ್ನೀಸಾ ಆಗಲೇ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಮುಂದಿನ ಫೈಲು ತೆರೆದಿದ್ದಾರೆ. ಎಲ್ಲರೆದುರು ಹೀಗಂದರಲ್ಲ, ಬೇಸರವಾಗಲಿಲ್ಲವೇ ಎಂದು ಕೇಳುತ್ತೇನೆ.

ಅವರು ಸ್ಕ್ರೀನಿನಿಂದ ಕಣ್ಣು ತೆಗೆಯುವುದಿಲ್ಲ. “ಬ್ಯಾಸರ ಯಾಕ್ರಿ? ಇಷ್ಟು ವರ್ಷದಾಗ ನನ್ನ ಬಗ್ಗೆ ಗಿರಾಕಿಗೆ ಇವತ್ತ ಮೊದಲ್ನೇ ಸಲ ಖರೇ ಹೇಳ್ಯಾರ.”