ಕೈ ಆಡುವಷ್ಟು ಜಾಗ

ತೆರೆದ ಬಾನೆಟ್ಟಿನ ಮುಂದೆ ಖಲೀಲಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಯಾರದೋ ಮನೆಗೆ ತಪ್ಪಿ ಬಂದವರ ಹಾಗೆ ನಿಂತುಬಿಡುತ್ತಿದ್ದರು. ಕಿಬ್ಬನಹಳ್ಳಿಯ ಹೆದ್ದಾರಿ ಪಕ್ಕದ ಅವರ ಶೆಡ್ಡಿನಲ್ಲಿ ಈ ನೋಟ ಎಲ್ಲರಿಗೂ ಪರಿಚಿತ. ಏನಾಗಿದೆ ಎಂದು ಕೇಳಿದರೆ, "ಅದೇ ಗೊತ್ತಾಗ್ತಿಲ್ಲ ಕಣ್ರೀ" ಎನ್ನುತ್ತಿದ್ದರು. ಅವರು ಕಡ್ಡಿ ಮುರಿದ ಹಾಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಆದರೂ ಕಾರುಗಳು ಅಲ್ಲಿಗೇ ಬರುತ್ತಿದ್ದವು, ಹೇಗೋ ರಿಪೇರಿಯಾಗಿ ಹೋಗುತ್ತಿದ್ದವು.

ನನ್ನ ಎಡಗಾಲು ಚಿಕ್ಕಂದಿನಿಂದಲೂ ಸೊರಗಿದ್ದು. ಕ್ಲಚ್ ತುಳಿಯಲು ಆಗುವುದಿಲ್ಲ. ಕೊಬ್ಬರಿ ವ್ಯಾಪಾರದ ನನ್ನ ಸೋದರಮಾವ ಯಾವಾಗಲೋ ಆಸೆಪಟ್ಟು ಕೊಂಡ ಹಳೆಯ ವಿಲಾಯಿತಿ ಕಾರೊಂದು ಅವರ ಗೋದಾಮಿನಲ್ಲಿ ಧೂಳು ತಿನ್ನುತ್ತಿತ್ತು. ಗೇರು ತಾನೇ ಬದಲಾಗುವ ಕಾರು. "ನಿಂಗೆ ಅಂತ್ಲೇ ಮಾಡವ್ರೆ ಕಣಮ್ಮ" ಎಂದು ಮಾವ ಕೀಲಿ ಕೊಟ್ಟರು. ಅದಕ್ಕೆ ಮುಂಚೆ ನನ್ನನ್ನು ಬಸ್ಸು ಹತ್ತಿಸಲು ಒಬ್ಬರು ಬೇಕಿತ್ತು, ಇಳಿಸಲು ಇನ್ನೊಬ್ಬರು. ಆಮೇಲೆ ತುರುವೇಕೆರೆಯ ಮನೆಯಿಂದ ಮಾಯಸಂದ್ರದ ಶಾಲೆಗೆ ಯಾರ ಹಂಗೂ ಇಲ್ಲದೆ ಪಾಠ ಮಾಡಲು ಹೋಗತೊಡಗಿದೆ.

ಒಮ್ಮೆ ಎಂಜಿನ್ನಿನ ಹೊಗೆ ಹೊರಹಾಕುವ ಎರಕದ ಭಾಗ ಬಿರುಕು ಬಿಟ್ಟಿತು. ಅಂಥದ್ದು ಎಲ್ಲೂ ಸಿಗದೆ ಖಲೀಲಣ್ಣ ತಿಪಟೂರಿನಲ್ಲಿ ಕೊಳವೆ ಬಗ್ಗಿಸಿ ಬೆಸೆದ ಹೆಡರ್ ಮಾಡಿಸಿ ಕೂರಿಸಿದರು. ಅಲ್ಲಿಂದ ಶುರುವಾಯಿತು ಗೊಂದಲ. ಸ್ವಲ್ಪ ದೂರ ಹೋದ ಮೇಲೆ ಎಂಜಿನ್ ಅರಚುತ್ತಿತ್ತು, ಚಕ್ರ ಮಾತ್ರ ತಿರುಗುತ್ತಿರಲಿಲ್ಲ. ಬಿಟ್ಟು ತಣ್ಣಗಾದರೆ ಮತ್ತೆ ಹೊರಡುತ್ತಿತ್ತು. ಖಲೀಲಣ್ಣ ಗೇರ್ ಬಾಕ್ಸ್ ಬಿಚ್ಚಬೇಕೆಂದರು, ಬೇಡವೆಂದರು, ಪೆಟ್ರೋಲಿನದೇ ತಪ್ಪಿರಬಹುದೆಂದರು. ಒಂದು ದಿನ ಒಳಗೆ ಕೈ ಹಾಕಿ ಸುಟ್ಟುಕೊಂಡಾಗಲೇ ವಿಷಯ ತಿಳಿದದ್ದು. ಗೇರಿನ ಎಣ್ಣೆ ಎರಡು ಸಣ್ಣ ಪೈಪುಗಳಲ್ಲಿ ಮುಂದಿನ ಕೂಲರಿಗೆ ಹೋಗಿ ತಣ್ಣಗಾಗಿ ವಾಪಸು ಬರಬೇಕು. ಹೊಸ ಹೆಡರು ಆ ಪೈಪುಗಳಿಗೆ ಒತ್ತಿಕೊಂಡೇ ಕೂತಿತ್ತು. ತಣ್ಣಗಾದ ಎಣ್ಣೆ ದಾರಿಯಲ್ಲೇ ಮತ್ತೆ ಕಾದು ತೆಳ್ಳಗಾಗುತ್ತಿತ್ತು, ಗೇರು ಹಿಡಿಯುತ್ತಿರಲಿಲ್ಲ.

ಪೈಪಿಗೆ ಬೇರೆ ದಾರಿ ಹುಡುಕಬೇಕಾಯಿತು. ಖಲೀಲಣ್ಣ ಹಸಿ ತೆಂಗಿನ ಗರಿಯಿಂದ ಉದ್ದನೆಯ ಕಡ್ಡಿಗಳನ್ನು ಸೀಳಿ, ಪೈಪು ಹೋಗಬೇಕಾದ ಕಡೆಯೆಲ್ಲ ಬಗ್ಗಿಸಿ ಬಗ್ಗಿಸಿ ನೋಡಿದರು. ಕಡ್ಡಿ ಮುರಿದ ತಿರುವಿನಲ್ಲಿ ಪೈಪೂ ಬಳುಕುವುದಿಲ್ಲ ಎಂಬುದು ಅವರ ಲೆಕ್ಕ.

"ಈ ಕಡೆ ಹೋದ್ರೆ ಬೆಂಕಿ, ಆ ಕಡೆ ಹೋದ್ರೆ ಸ್ಟೇರಿಂಗು, ಕೆಳಗಿಳಿಸಿದ್ರೆ ರೋಡ್ ಹಂಪು. ನೀವೇ ಹೇಳ್ರೀ ಟೀಚರಮ್ಮ, ಎಲ್ಲಿಂದ ಹೋಗ್ಲಿ?"

"ನಂಗೇನ್ ಗೊತ್ತು ಖಲೀಲಣ್ಣ?"

"ನಂಗೂ ಗೊತ್ತಿಲ್ಲ. ಇಬ್ರೂ ಸೇರ್ಕಂಡು ನೋಡಣ ಬುಡಿ."

ಟೀ ಅಂಗಡಿಯವರನ್ನು ಕೇಳಿದರು, ಬಸ್ಸಿಗೆ ಕಾಯುತ್ತಿದ್ದವರನ್ನೂ ಕರೆದು ಕೇಳಿದರು. ಕೊನೆಗೆ ಪೈಪುಗಳನ್ನು ಚಾಸಿಯ ಒಳಮೈಗೆ ಅಂಟಿಸಿದಂತೆ ಒಯ್ದು, ರಬ್ಬರ್ ಸುತ್ತಿದ ಕ್ಲಿಪ್ಪುಗಳಿಂದ ಬಿಗಿದು, ಹೆಡರಿಗೆ ಅಡ್ಡಲಾಗಿ ಒಂದು ತಗಡು ನಿಲ್ಲಿಸಿದರು. "ಬೆಂಕಿಗೂ ಪೈಪಿಗೂ ಮಧ್ಯೆ ಕೈ ಆಡ್ಬೇಕು. ಅಷ್ಟೇ ನಂಗೆ ಗೊತ್ತಿರೋದು" ಎಂದು ಅಂಗೈಯನ್ನು ಆ ಸಂದಿಯಲ್ಲಿ ಹಿಂದೆಮುಂದೆ ಆಡಿಸಿ ತೋರಿಸಿದರು. ವರ್ಷಗಟ್ಟಲೆ ಕಾರು ಎಲ್ಲಿಯೂ ನಿಲ್ಲಲಿಲ್ಲ.

ಹೋದ ವರ್ಷ ಎಣ್ಣೆ ಬದಲಿಸಲು ಕಾರನ್ನು ಅವರ ಬಳಿ ಬಿಟ್ಟಿದ್ದೆ. ತಂದ ಮರುದಿನವೇ, ಶಾಲೆಗೆ ಹೋಗುವ ದಾರಿಯಲ್ಲಿ, ತೋಟಗಳ ನಡುವೆ ಕಾರು ನಿಂತಿತು. ಸುಟ್ಟ ಎಣ್ಣೆಯ ವಾಸನೆ. ಬಾನೆಟ್ ಎತ್ತಿದರೆ ತಗಡು ಇಲ್ಲ. ಪೈಪುಗಳು ಹಳೆಯ ದಾರಿಗೇ ಬಂದು ಹೆಡರಿಗೆ ತಗುಲಿಕೊಂಡಿದ್ದವು. ಸುತ್ತ ಯಾರೂ ಇರಲಿಲ್ಲ. ಆ ಕಾಲಿನಲ್ಲಿ ನಡೆದು ಹೋಗುವ ದೂರವೂ ಅಲ್ಲ. ಕಾರಿಗೆ ಒರಗಿ ನಿಂತು ಖಲೀಲಣ್ಣನಿಗೆ ಫೋನು ಮಾಡಿದೆ.

"ನೀವೇ ಹೇಳಿದ್ರಲ್ಲ ಟೀಚರಮ್ಮ, ಮೊದ್ಲಿದ್ದಂಗೇ ಹಾಕ್ಬುಡು ಅಂತ" ಎಂದರು.

ನಾನು ಹಾಗೆ ಹೇಳಿರಲಿಲ್ಲ. ಆದರೆ ಅವರ ದನಿಯಲ್ಲಿ ಎಂದೂ ಇರದ ಖಚಿತತೆ ಇತ್ತು. ಅದನ್ನು ಕೇಳಿ ನನಗೇ ಅನುಮಾನ ಬಂತು. ಹೇಳಿದ್ದೆನೇ? ಅವಸರದಲ್ಲಿ ಬೇರೇನೋ ಅಂದದ್ದು ಅವರಿಗೆ ಹಾಗೆ ಕೇಳಿಸಿತೇ? ಟೆಂಪೋ ಒಂದು ಬಂದು ಕಾರನ್ನು ಎಳೆದು ಊರು ಮುಟ್ಟಿಸುವವರೆಗೂ ನಾನಾಡಿದ ಮಾತುಗಳನ್ನೇ ಹುಡುಕುತ್ತಿದ್ದೆ.

ವಿಚಾರಿಸೋಣವೆಂದು ಆ ಭಾನುವಾರ ಶೆಡ್ಡಿಗೆ ಹೋದರೆ ಬಾಗಿಲು ಹಾಕಿತ್ತು. ಹಿಂದುಗಡೆಯ ಮನೆಯಲ್ಲಿ ಅವರ ಹೆಂಡತಿ ಮುಮ್ತಾಜಕ್ಕ ಇದ್ದರು. ನಾನು ಪೈಪಿನ ಮಾತೆತ್ತುವ ಮೊದಲೇ, "ನಿಮ್ಮ ಗಾಡೀದೂ ಏನಾರ ಆಯ್ತಾ?" ಎಂದರು. "ಈಚೀಚೆಗೆ ಮನೆಗೆ ಬರೋ ದಾರೀಲೂ ಹಂಗೇ ನಿಂತ್ಕತಾರೆ ಕಣಮ್ಮ. ಮೊದ್ಲಿಂದ್ಲೂ ಹಂಗೇ ಅಲ್ವಾ ಅಂತ ನಾವೂ ಸುಮ್ಕಿದ್ವಿ. ಡಾಕ್ಟ್ರು ಮರೆವಿನ ಕಾಯ್ಲೆ ಅಂದ್ರು."

ಎಷ್ಟು ದಿನದಿಂದ ಎಂದು ಕೇಳಿದೆ. ಅವರಿಗೂ ಹೇಳಲಾಗಲಿಲ್ಲ. ಬೆನ್ನ ಹಿಂದೆ ಕೈಕಟ್ಟಿ ನಿಂತ ಆ ಮನುಷ್ಯ ಯಾವತ್ತಿನವರೆಗೆ ಯೋಚಿಸುತ್ತಿದ್ದರು, ಯಾವತ್ತಿನಿಂದ ಮರೆತು ನಿಂತಿದ್ದರು? ಎಲ್ಲರೂ ನೋಡುತ್ತಲೇ ಇದ್ದೆವು, ಒಬ್ಬರಿಗೂ ತಿಳಿಯಲಿಲ್ಲ.

ಚಾಸಿಯಲ್ಲಿ ಅವರು ಕೊರೆದ ಕ್ಲಿಪ್ಪಿನ ತೂತುಗಳು ಹಾಗೇ ಇದ್ದವು. ತಿಪಟೂರಿನ ಇನ್ನೊಬ್ಬ ಮೆಕ್ಯಾನಿಕ್ ಅವನ್ನೇ ಹಿಡಿದು ಪೈಪುಗಳನ್ನು ಮತ್ತೆ ಒಳಗಿನಿಂದ ಒಯ್ದ. ಕಾರು ಸರಿಯಾದ ಮೇಲೆ ನೋಡಿಬರಲು ಹೋದೆ. ಖಲೀಲಣ್ಣ ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ನಕ್ಕರು, ಹೆಸರು ಹಿಡಿದು ಕರೆಯಲಿಲ್ಲ, ಟೀಚರಮ್ಮ ಎನ್ನಲೂ ಇಲ್ಲ. ನನ್ನ ಜೊತೆಗೆ ಕಾರಿನವರೆಗೂ ನಡೆದುಬಂದರು. ನಾನು ನಿಧಾನವೆಂದು ತಾವೂ ನಿಧಾನ ಮಾಡಿದರೋ, ಅವರ ನಡಿಗೆಯೇ ಅಷ್ಟಾಗಿತ್ತೋ. ನಾನು ಒಳಗೆ ಕೂತು ಕಾರು ಶುರುಮಾಡಿದಾಗ ಕಿಟಕಿಗೆ ಬಗ್ಗಿದರು.

"ಈ ರೋಡಲ್ಲಿ ಹೋಗ್ಬೇಡಿ. ಮುಂದೆ ಅಗೆದವ್ರೆ. ಅತ್ಲಾಗಿಂದ ಸುತ್ಕಂಡು ಹೋಗಿ, ಒಬ್ರೇ ಇದೀರ."

ಅದೇ ರಸ್ತೆಯಲ್ಲಿ ನಾನು ಆಗಷ್ಟೇ ಬಂದಿದ್ದೆ. ಎಲ್ಲೂ ಅಗೆದದ್ದು ಕಂಡಿರಲಿಲ್ಲ. "ಆಯ್ತು ಖಲೀಲಣ್ಣ, ಬತ್ತೀನಿ" ಎಂದೆ. ಕನ್ನಡಿಯಲ್ಲಿ ಅವರು ಕೈಯೆತ್ತಿಕೊಂಡು ನಿಂತದ್ದು ಕಾಣುತ್ತಿತ್ತು. ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ಕನ್ನಡಿಯಲ್ಲಿ ಅವರನ್ನು ಕಂಡ ಆ ದಿನ ಮಾತ್ರ ನಾನು ಅವರು ಹೇಳಿದ ಕಡೆಗೇ ತಿರುಗಿಸಿ, ಸುತ್ತು ದಾರಿಯಲ್ಲಿ ಮನೆ ಸೇರಿದೆ.