ಆಯಿ ಹೇಳದ ಹೆಸರು

ಹುಬ್ಬಳ್ಳಿಯ ವಿದ್ಯಾನಗರದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇತಿಹಾಸ ಬೋಧಿಸುತ್ತಿರುವ ಸುಜಾತಾ ಅವರಿಗೆ, ಓದಿ ಕಣ್ಣು ದಣಿಯುವ ಕಾಲ ಕಳೆದು ಕೇಳಿ ಕಿವಿ ದಣಿಯುವ ಕಾಲ ಬಂದಿದೆ. ಸಂಶೋಧನಾ ಪ್ರಬಂಧಕ್ಕೆ ಬದಲಾಗಿ ವಿದ್ಯಾರ್ಥಿಗಳು ಪಾಡ್‌ಕಾಸ್ಟ್ ಒಪ್ಪಿಸಬಹುದೆಂಬ ಮಾತು ಬಂದಾಗ ಮೊದಲು ಕೈಯೆತ್ತಿದವರು ಅವರೇ. ಬರಹವನ್ನು ಕದ್ದು ತರಬಹುದು, ಊರವರ ಧ್ವನಿಯನ್ನು ಕದಿಯಲಾದೀತೆ ಎಂಬುದು ಅವರ ನಂಬಿಕೆ. ನಿಯಮವನ್ನೂ ಅವರೇ ಬರೆದರು: ಮಾಹಿತಿ ಯಾರಿಂದ ಬಂದಿತೆಂಬುದು ಧ್ವನಿಯಲ್ಲೇ ಕೇಳಿಸಬೇಕು, ಇಲ್ಲವಾದರೆ ಅನುತ್ತೀರ್ಣ.

ಅರವತ್ತೊಂದು ಪಾಡ್‌ಕಾಸ್ಟ್‌ಗಳು ಬಂದವು. ಭಗವಂತನು ಕೊಟ್ಟ ಎರಡು ಕಿವಿಗಳೂ ಸಾಲದಾಗಿ, ಧಾರವಾಡದಿಂದ ಬರುವ ಬಸ್ಸಿನಲ್ಲಿ ಕುಳಿತು ಅವರು ಅವನ್ನು ದುಪ್ಪಟ್ಟು ವೇಗದಲ್ಲಿ ಕೇಳತೊಡಗಿದರು. ಸುಳ್ಳ ಗ್ರಾಮದ ವಿದ್ಯಾರ್ಥಿನಿ ಗೀತಾಂಜಲಿಯದು ಹಗೇವಿನ ಕುರಿತಾದದ್ದು. ಜೋಳವನ್ನು ಕೂಡಿಡುತ್ತಿದ್ದ ಆ ನೆಲದೊಳಗಿನ ಕಣಜವನ್ನು ಅವಳ ಅಜ್ಜಿ ಫಕೀರವ್ವ ಸೊಗಸಾಗಿ ಬಣ್ಣಿಸಿದ್ದಳು. "ಇದನ್ನೆಲ್ಲಾ ನಿನಗ ಕಲಿಸಿದವರು ಯಾರು, ಆಯಿ?" ಎಂಬ ಮೊಮ್ಮಗಳ ಪ್ರಶ್ನೆಯ ಬಳಿಕ ಮಾತ್ರ ಉತ್ತರ ಕೇಳಿಸಲಿಲ್ಲ, ಮುಂದೆ ಬೇರೊಂದು ಪ್ರಶ್ನೆ. ಧ್ವನಿಮುದ್ರಣದ ದೋಷವೆಂದು ಬಗೆದು ಸುಜಾತಾ ಅನುತ್ತೀರ್ಣವೆಂದು ಗುರುತಿಸಿದರು.

ಮರುದಿನ ಗೀತಾಂಜಲಿ ಅಧ್ಯಾಪಕರ ಕೋಣೆಗೆ ಬಂದು ನಿಂತಳು.

"ನನ್ನ ಯಾಕ ಫೇಲ್ ಮಾಡೀರಿ ಮೇಡಂ?"

"ಯಾರು ಕಲಿಸಿದ್ರು ಅಂತ ಕೇಳೀಯಲ್ಲ, ಉತ್ತರ ಎಲ್ಲೈತಿ?"

"ಐತ್ರಿ. ಹನ್ನೊಂದು ಸೆಕೆಂಡ್ ಸುಮ್ಮ ಕುಂತಾಳ ನೋಡ್ರಿ, ಅದ ಉತ್ತರ. ಕಲಿಸಿದವರು ನಮ್ಮ ಅಜ್ಜಾರು. ಗಂಡನ ಹೆಸರು ಹೆಂಗ ಹೇಳ್ತಾಳ್ರಿ ಅಕಿ? ರೇಶನ್ ಕಾರ್ಡ್ ಮಾಡ್ಸುವಾಗನೂ ಹೇಳಿಲ್ಲ."

ಪಕ್ಕದ ಮೇಜಿನ ಅಧ್ಯಾಪಕ ಉದಯಕುಮಾರ ನಕ್ಕರು. "ಛಲೋ ಆತು ಬಿಡ್ರಿ. ಇನ್ನ ಸುಮ್ಮ ಕುಂತವರಿಗೂ ಮಾರ್ಕ್ಸ್."

ಸುಜಾತಾ ನಗಲಿಲ್ಲ. ಚಿಕ್ಕಂದಿನಲ್ಲಿ ತಮ್ಮನ್ನು ಶಾಲೆಗೆ ಸೇರಿಸಿದ ದಿನ ಗುಮಾಸ್ತನು ತಂದೆಯ ಹೆಸರು ಕೇಳಿದಾಗ, ತಾಯಿ ಸಾವಂತ್ರೆವ್ವ ಸೆರಗು ಎಳೆದುಕೊಂಡು, "ನೀ ಹೇಳವ್ವಾ" ಎಂದು ತಮ್ಮನ್ನೇ ಮುಂದೆ ನೂಕಿದ್ದಳು. ಅಂತಹ ಮನೆಯಲ್ಲಿ ಬೆಳೆದ ಕಿವಿಯೇ ಇದನ್ನು ದೋಷವೆಂದಿತ್ತು.

ಅವರು ಆ ಭಾಗವನ್ನು ಸಹಜವೇಗದಲ್ಲಿ ಕೇಳಿದರು. ಬಳೆಗಳ ಸದ್ದು, ದೂರದಲ್ಲೊಂದು ಕೋಳಿಯ ಕೂಗು, ಮುದುಕಿಯ ಸಣ್ಣ ನಗೆ.

"ಇದನ್ನ ತಗೀಬ್ಯಾಡ. ಇದರ ಮುಂದ ನೀ ಹೇಳು. ಮೊಮ್ಮಗಳು ಹೇಳಾಕ ಅಡ್ಡಿ ಇಲ್ಲಲ್ಲ?" ಎಂದರು ಸುಜಾತಾ.

ಹುಡುಗಿ ಅಲ್ಲಿಯೇ ಮೊಬೈಲನ್ನು ಬಾಯಿಗೆ ಹಿಡಿದಳು. "ನಮ್ಮ ಆಯಿ ಹೇಳದ ಹೆಸರು ಯಮನಪ್ಪ. ಅವರು ನಮ್ಮ ಅಜ್ಜ."

ಸುಜಾತಾ ಹಳೆಯ ಗುರುತನ್ನು ಹೊಡೆದುಹಾಕಿ ಉತ್ತೀರ್ಣವೆಂದು ಬರೆದರು. ಅವಸರದಲ್ಲಿ ಕೇಳಿ ಮುಗಿಸಿದ್ದವು ಇನ್ನೂ ನಲವತ್ತಿದ್ದವು. ಒಮ್ಮೆ ಕಣ್ಣುಜ್ಜಿಕೊಂಡು, ವೇಗವನ್ನು ತಗ್ಗಿಸಿ, ಮೊದಲನೆಯದನ್ನು ಮತ್ತೆ ಹಚ್ಚಿದರು.